ಕಾನ್ ತೋದಲ್ಲಿ ಅಳೆದ ಲಿವರ್

ವಿಮಾನ ನಿಲ್ದಾಣ

ವಿಯೆಟ್ನಾಮಿನ ಹೋ ಚಿ ಮಿನ್ಹ್ ನಗರದ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಅಧಿಕಾರಿ ಅಂದಾನಗೌಡರ ಚೀಲದೊಳಗಿಂದ ಒಂದು ಸಜ್ಜಿ ರೊಟ್ಟಿ ತೆಗೆದು ಬೆಳಕಿಗೆ ಹಿಡಿದ. ಮೂಸಿದ. ಬೆರಳ ಗೆಣ್ಣಿನಿಂದ ತಟ್ಟಿದ. ಒಣಗಿದ ರೊಟ್ಟಿ ತೆಳು ಹಲಗೆಯ ಹಾಗೆ ಟಕ್ ಎಂದಿತು. ಚೀಲದಲ್ಲಿ ಅಂಥವು ಇನ್ನೂ ನೂರರ ಮೇಲಿದ್ದವು, ಜೊತೆಗೆ ಎರಡು ಡಬ್ಬಿ ಶೇಂಗಾ ಚಟ್ನಿ. ಅವನು ಮತ್ತೊಬ್ಬನನ್ನು ಕರೆದ. ಆ ಮತ್ತೊಬ್ಬ ಇನ್ನೊಬ್ಬನನ್ನು ಕರೆದ.

“ತಿನ್ನೂದಪಾ, ತಿನ್ನೂದು,” ಎಂದು ಗೌಡರು ರೊಟ್ಟಿಯ ಅಂಚು ಮುರಿದು, ಮೂವರಿಗೂ ಕಾಣುವಂತೆ ಅಗಿದು ನುಂಗಿದರು. ಮೂವರೂ ಅವರ ಗಂಟಲನ್ನೇ ನೋಡಿದರು. ಏನೂ ಆಗಲಿಲ್ಲ. ಒಂದು ಡಬ್ಬಿ ಚಟ್ನಿ ಇಟ್ಟುಕೊಂಡು ಚೀಲ ಬಿಟ್ಟರು.

ಅಷ್ಟರಲ್ಲಿ ಪಕ್ಕದ ಸಾಲಿನಲ್ಲಿ ಮೈಬೂಸಾಬರನ್ನು ನಿಲ್ಲಿಸಿದ್ದರು. ಅವರ ಚೀಲದಲ್ಲಿ ಒಂದು ಜೊತೆ ಬಟ್ಟೆ, ನಮಾಜಿಗೆ ಹಾಸುವ ಜಾನಮಾಜು ಮತ್ತು ಎರಡು ಸ್ಪ್ಯಾನರ್ ಬಿಟ್ಟರೆ ಬೇರೇನೂ ಇರಲಿಲ್ಲ. ನಿಲ್ಲಿಸಿದ್ದು ಕಣ್ಣಿಗಾಗಿ. ಮೈಬೂಸಾಬರ ಕಣ್ಣಿನ ಬಿಳಿ ಭಾಗ ತೆಳು ಹಳದಿ. ಬಿಳಿ ಕೋಟಿನ ಹೆಂಗಸೊಬ್ಬಳು ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದಳು, ನಾಲಗೆ ತೋರಿಸಲು ಹೇಳಿದಳು, ಕೊನೆಗೆ ಕೈಬೀಸಿ ಕಳಿಸಿದಳು.

“ಈ ಕಣ್ಣು ನೋಡಿ ಕಾರಟಗಿಯಾಗ ಹೆಣ್ಣು ಕೊಡಲಿಲ್ಲ, ಇಲ್ಲಿ ಒಳಗ ಬಿಡವಲ್ರು,” ಎಂದು ಮೈಬೂಸಾಬರು ಬೆಲ್ಟು ಕಟ್ಟಿಕೊಳ್ಳುತ್ತ ನಕ್ಕರು.

ಇವರಿಬ್ಬರೂ ಮುಂದಿನ ಐದು ದಿನ ನನ್ನ ಕೋಣೆಯ ಜೊತೆಗಾರರು. ಅಂದಾನಗೌಡರದು ಗಂಗಾವತಿಯಲ್ಲಿ ಅಕ್ಕಿ ಗಿರಣಿ. ಹುಟ್ಟಿದ್ದು ಯಲಬುರ್ಗಾ ಕಡೆಯ ಹಳ್ಳಿ. ಐವತ್ತಾರರ ಗಟ್ಟಿ ಆಳು, ಅಂಗಿಯ ಗುಂಡಿ ಎಳೆಯುವಷ್ಟು ಹೊಟ್ಟೆ. ಕುಡಿತವಿಲ್ಲ, ತಂಬಾಕಿಲ್ಲ, ಮಾಂಸವಿಲ್ಲ. ಮೈಬೂಸಾಬರು ಕಾರಟಗಿಯ ಫಿಟ್ಟರ್, ಗೌಡರ ಗಿರಣಿಯ ಯಂತ್ರ ಕೆಟ್ಟರೆ ಅವರೇ ಬರಬೇಕು. ನಲವತ್ತೈದು ವರ್ಷ, ಒಣ ಮೈ. ಹೊಸ ಬಗೆಯ ಗಿರಣಿ ಯಂತ್ರಗಳನ್ನು ನೋಡಲು ಗಂಗಾವತಿಯಿಂದ ಹೊರಟ ತಂಡದಲ್ಲಿ ನನ್ನನ್ನು ವರದಿಗೆಂದು ಕಳಿಸಿದ್ದರು. ಕುಷ್ಟಗಿಯಲ್ಲಿ ಹುಟ್ಟಿ ಕೊಪ್ಪಳದಲ್ಲಿ ಇಪ್ಪತ್ತೆರಡು ವರ್ಷದಿಂದ ಸುದ್ದಿ ಬರೆಯುತ್ತಿದ್ದೇನೆ. ದೇಶದ ಗಡಿ ದಾಟಿದ್ದು ಇದೇ ಮೊದಲು.

ಕಾನ್ ತೋ, ಗುರುವಾರ

ಕಾನ್ ತೋ ನಗರ ಮೆಕಾಂಗ್ ನದಿಯ ಬಯಲಿನಲ್ಲಿದೆ. ಬಸ್ಸಿನ ಕಿಟಕಿಯಿಂದ ಕಂಡದ್ದೆಲ್ಲ ಗದ್ದೆ, ಕಾಲುವೆ, ಮತ್ತೆ ಗದ್ದೆ. ಗೌಡರು ಕಾರಟಗಿ ದಾಟಿ ಸಿಂಧನೂರಿನ ಕಡೆ ಹೊರಟವರಂತೆ ಸಲೀಸಾಗಿ ಕುಳಿತಿದ್ದರು. “ನಮ್ಮ ಕಾಲುವಿಗೆ ನೀರು ಯಾವಾಗ ಬಿಡ್ತಾರ ಅಂತ ಕಾಯ್ತೀವಿ. ಇಲ್ಲಿ ನೀರ ಗದ್ದಿ ಯಾವಾಗ ಸಿಗತೈತಿ ಅಂತ ಕಾಯ್ತೈತಿ ನೋಡ್ರಿ ಸರ,” ಎಂದರು. ನನ್ನನ್ನು ಅವರು ‘ಸರ’ ಎನ್ನುವುದು ಸಿಟ್ಟಿಲ್ಲದಾಗ. ಸಿಟ್ಟಿದ್ದಾಗ ‘ಪೇಪರಿನವ್ರ’.

ನಮ್ಮಲ್ಲಿ ಸುಗ್ಗಿಯಲ್ಲಿ ಗಿರಣಿಯ ಮುಂದೆ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಇಲ್ಲಿ ಭತ್ತ ದೋಣಿಯಲ್ಲಿ ಬರುತ್ತದೆ. ದೋಣಿಯ ಮೂತಿಗೆ ಎರಡು ಕಣ್ಣು ಬರೆದಿರುತ್ತಾರೆ. ಗಿರಣಿಯ ಬಾಗಿಲೇ ನದಿಗೆ ತೆರೆದಿರುತ್ತದೆ. ಮಧ್ಯಾಹ್ನ ಒಂದು ಗಂಟೆ ಕಾಲ ಇಡೀ ಗಿರಣಿ ನಿದ್ದೆ ಮಾಡುತ್ತದೆ. ಎರಡು ಕಂಬಗಳ ನಡುವೆ ಬಲೆಯ ಜೋಲಿ ಕಟ್ಟಿಕೊಂಡು ಹಮಾಲರು, ಗುಮಾಸ್ತರು, ಮಾಲೀಕ ಎಲ್ಲರೂ ತೂಗಾಡುತ್ತಿದ್ದರು. ಮಾಲೀಕನ ಜೋಲಿ ಯಾವುದೆಂದು ಕೇಳಿದೆ. ಗೊತ್ತಾಗಲಿಲ್ಲ.

ಊಟದಲ್ಲಿ ಅನ್ನ ಬಂದದ್ದು ಅಂಗೈಯಷ್ಟಿನ ಬಟ್ಟಲಲ್ಲಿ. “ಇದು ಬೆಕ್ಕಿಗೇನ್ರಿ?” ಎಂದು ಗೌಡರು ಕೇಳಿದರು. ಅವರ ಪ್ರಶ್ನೆಗಳನ್ನೆಲ್ಲ ಅಲ್ಲಿನವರಿಗೆ ದಾಟಿಸುತ್ತಿದ್ದವರು ಸುಬ್ಬಯ್ಯ, ಆಂಧ್ರದಿಂದ ಬಂದು ಅಲ್ಲಿ ನೆಲೆಸಿದ ಯಂತ್ರ ಮಾರಾಟಗಾರ. ಗೌಡರು ಅವರೊಂದಿಗೆ, ಗಂಗಾವತಿ ಕಡೆ ನೆಲೆಸಿದ ಆಂಧ್ರದ ರೈತರಿಂದ ಕಲಿತ, ಕಾಲುವೆ ಸೀಮೆಯ ತೆಲುಗು ಮಾತಾಡುತ್ತಿದ್ದರು. ಸುಬ್ಬಯ್ಯ ಅದನ್ನು ವಿಯೆಟ್ನಾಮಿ ಮಾಡುತ್ತಿದ್ದರು. ಬೆಕ್ಕಿನ ಮಾತನ್ನು ಅವರು ದಾಟಿಸಲಿಲ್ಲ.

ಗೌಡರು ಅಂಥ ಏಳು ಬಟ್ಟಲು ಉಂಡರು. ಮೈಬೂಸಾಬರು ಎರಡಕ್ಕೆ ಎದ್ದರು. ಬಹಳ ವರ್ಷದಿಂದ ಎಣ್ಣೆ, ಮಸಾಲೆ, ಮಾಂಸ ಬಿಟ್ಟಿರುವುದಾಗಿ ಹೇಳಿದರು. ಕಾಮಾಲೆಯ ಪಥ್ಯ.

ಇಲ್ಲಿ ಗೌಡರ ಮನೆತನದ ಔಷಧದ ಬಗ್ಗೆ ಹೇಳಬೇಕು. ಕೊಪ್ಪಳ ಜಿಲ್ಲೆಯಲ್ಲಿ ಅದನ್ನು ಕೇಳದವರು ಕಡಿಮೆ. ಕಣ್ಣು ಹಳದಿಯಾದವರು ಶನಿವಾರವೇ ಹೋಗಿ ಗೌಡರ ಹಳ್ಳಿಯಲ್ಲಿ ಉಳಿಯುತ್ತಾರೆ. ರವಿವಾರ ಸೂರ್ಯ ಮೂಡುವ ಹೊತ್ತಿಗೆ ಖಾಲಿ ಹೊಟ್ಟೆಯಲ್ಲಿ ಕೂರುತ್ತಾರೆ. ಬೇರು, ಸೊಪ್ಪು ಅರೆದ ನೆಲ್ಲಿಕಾಯಿ ಗಾತ್ರದ ಉಂಡೆಯನ್ನು ಮಜ್ಜಿಗೆಯಲ್ಲಿ ಕೊಡುತ್ತಾರೆ. ನಾಲ್ಕು ತಲೆಮಾರಿನಿಂದ ಬಿಟ್ಟಿ. ಜಾತಿ ಕೇಳುವುದಿಲ್ಲ. ಆಮೇಲೆ ಹದಿನೈದು ದಿನ ಉಪ್ಪು, ಎಣ್ಣೆ ಇಲ್ಲದ ಗಂಜಿ. ಗೌಡರು ಗಂಗಾವತಿಯಿಂದ ಪ್ರತಿ ಶನಿವಾರ ಸಂಜೆ ಹಳ್ಳಿಗೆ ಹೋಗುವುದು ಇದಕ್ಕಾಗಿ. ಎರಡು ವರ್ಷದ ಹಿಂದೆ ಇದರ ಮೇಲೆ ನಾನೇ ಮೂರು ಕಾಲಮ್ಮಿನ ಲೇಖನ ಬರೆದಿದ್ದೆ. ಹೊಗಳಿಕೆಯ ಲೇಖನ. ಯಾವ ವೈದ್ಯರನ್ನೂ ಕೇಳಿರಲಿಲ್ಲ.

ಮೈಬೂಸಾಬರು ಆ ಔಷಧವನ್ನು ಇಪ್ಪತ್ತಕ್ಕೂ ಹೆಚ್ಚು ಸಲ ತೆಗೆದುಕೊಂಡಿದ್ದಾರೆ. “ಪ್ರತಿ ವರ್ಷ ಸುಗ್ಗಿಯಾಗ ಕಣ್ಣು ಹಳದಿ ಆಗ್ತಾವ. ಗೌಡ್ರ ಹಂತ್ಯಾಕ ಹೋಗ್ತೀನಿ. ಪಥ್ಯ ಮುಗದ ಮ್ಯಾಲೆ ಇಳೀತಾವ.”

“ಇಳೀತಾವಲ್ಲ? ಮತ್ತ?” ಎಂದರು ಗೌಡರು.

ಶುಕ್ರವಾರ, ಗಿರಣಿಯ ಅಂಗಳ

ಶುಕ್ರವಾರ ನೋಡಲು ಹೋದ ಗಿರಣಿಯಲ್ಲಿ ಯಂತ್ರಗಳು ನಿಂತಿದ್ದವು. ಅಂಗಳದಲ್ಲಿ ಒಂದು ಬಿಳಿ ವ್ಯಾನು. ಕೆಲಸದವರ ಲಿವರ್ ತಪಾಸಣೆಯ ದಿನವಂತೆ. ಆ ನಾಡಿನಲ್ಲಿ ಲಿವರಿಗೆ ಸೋಂಕು ತರುವ ವೈರಸ್ಸಿನ ಕಾಟ ಬಹಳ. ಹಾಗಾಗಿ ಇಂಥ ವ್ಯಾನು ಅಲ್ಲಿಯವರಿಗೆ ಹೊಸದಲ್ಲ. ಹಮಾಲರು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಐಸ್ ಚಹಾ ಹೀರುತ್ತ ಹರಟುತ್ತಿದ್ದರು. ವ್ಯಾನಿನಲ್ಲಿ ಡಾಕ್ಟರ್ ಲಾನ್ ಇದ್ದರು, ಗಿಡ್ಡ ಕೂದಲಿನ ನಡುವಯಸ್ಸಿನ ಹೆಂಗಸು. ಅತಿಥಿಗಳಿಗೂ ಬೇಕಿದ್ದರೆ ನೋಡುವುದಾಗಿ ಹೇಳಿದರು.

“ಮೈಬೂ, ನೀ ಹೋಗು. ನಿನ್ನ ಲಿವರ್ ಹುಣಸಿಹಣ್ಣು ಆಗಿರತೈತಿ,” ಎಂದರು ಗೌಡರು.

“ನೀವ ಮೊದಲ ಹೋಗ್ರಿ ಗೌಡ್ರ. ಗಟ್ಟಿ ಲಿವರ್ ಹೆಂಗಿರತೈತಿ ಅಂತ ಅವ್ರಿಗೂ ತಿಳೀಲಿ.”

ಗೌಡರು ಅಂಗಿ ಮೇಲೆತ್ತಿ ಮಲಗಿದರು. ಬಲಗೈ ತಲೆಯ ಕೆಳಗೆ. ಡಾಕ್ಟರು ಪಕ್ಕೆಲುಬಿನ ನಡುವೆ ಒಂದು ಕೋಲನ್ನು ಒತ್ತಿದರು. ಅದು ಒಳಗೆ ಟಪ್ ಟಪ್ ಎಂದು ಬಡಿಯುತ್ತದೆ. ಬಡಿತದ ಅಲೆ ಮೆತ್ತನೆಯ ಲಿವರಿನಲ್ಲಿ ನಿಧಾನ, ಗಟ್ಟಿಯಾದುದರಲ್ಲಿ ವೇಗ. ನಾವು ‘ಗಟ್ಟಿ ಆಳು’ ಎಂದು ಹೊಗಳುವಾಗ ಯಾವುದನ್ನು ಬಯಸುತ್ತೇವೋ, ಲಿವರಿನಲ್ಲಿ ಅದೇ ಕೆಟ್ಟದ್ದು.

ಡಾಕ್ಟರು ಹತ್ತು ಸಲ ಬಡಿದರು. ಮತ್ತೆ ಹತ್ತು ಸಲ. ಆಮೇಲೆ ಮೈಬೂಸಾಬರನ್ನು ಮಲಗಿಸಿದರು, ಅವರ ಕಣ್ಣು ನೋಡಿ ತಾವಾಗಿಯೇ ರಕ್ತವನ್ನೂ ತೆಗೆದರು. ಗೌಡರದನ್ನೂ ತೆಗೆದರು. ನಂತರ ಸುಬ್ಬಯ್ಯನವರನ್ನು ಕರೆದು ಮಾತಾಡಿದರು. ಸುಬ್ಬಯ್ಯ ತೆಲುಗಿನಲ್ಲಿ ಹೇಳಿದರು. ಗೌಡರ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವರು ನನ್ನ ಕಡೆ ತಿರುಗಿ, “ಸರ, ಇವರು ಚೀಟಿ ಅದಲು ಬದಲು ಮಾಡ್ಯಾರ,” ಎಂದರು.

ಕಣ್ಣು ಹಳದಿಯಾದ ಮೈಬೂಸಾಬರ ಲಿವರ್ ಮೆತ್ತಗಿತ್ತು. ಗೌಡರದು ಗಾಯದ ಕಲೆ ತುಂಬಿ ಗಟ್ಟಿಯಾಗಿತ್ತು. ನಾಲ್ಕು ಮೆಟ್ಟಿಲಿನ ಪಟ್ಟಿಯಲ್ಲಿ ಮೂರನೆಯದರ ಹತ್ತಿರ. ನಾಲ್ಕನೆಯದೆಂದರೆ ಇಡೀ ಲಿವರ್ ಗಂಟುಗಟ್ಟುವುದು.

ಮಾತು ಮೂರು ಭಾಷೆ ದಾಟಿ ಬಂದಿತ್ತು. ತಪ್ಪಿರಬಹುದೆಂದು ನಾನು ಚೀಟಿಗಳನ್ನು ಕೇಳಿ ಪಾಸ್‌ಪೋರ್ಟಿನ ಜೊತೆ ಹೆಸರು ಹೊಂದಿಸಿ ನೋಡಿದೆ. ಅದಲು ಬದಲಾಗಿರಲಿಲ್ಲ. ಡಾಕ್ಟರು ಬೆಳಗಿನ ತಿಂಡಿಯ ಬಗ್ಗೆ ಕೇಳಿದರು. ಗೌಡರು ನಾಲ್ಕು ರೊಟ್ಟಿ ತಿಂದು ಬಂದಿದ್ದರು. ಉಂಡ ಮೇಲೆ ಅಳೆದರೆ ಗಟ್ಟಿ ಹೆಚ್ಚಾಗಿ ತೋರಬಹುದು, ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನಗರದ ತಮ್ಮ ಕ್ಲಿನಿಕ್ಕಿಗೆ ಬರಬೇಕು ಎಂದರು.

“ರೊಟ್ಟಿದ ತಪ್ಪು,” ಎಂದು ಗೌಡರು ದಾರಿಯುದ್ದಕ್ಕೂ ಹೇಳುತ್ತಿದ್ದರು.

ಶನಿವಾರ, ಖಾಲಿ ಹೊಟ್ಟೆ

ರೊಟ್ಟಿಯ ತಪ್ಪಾಗಿರಲಿಲ್ಲ. ಸಂಖ್ಯೆ ಸ್ವಲ್ಪ ಇಳಿದಿತ್ತು, ಮೆಟ್ಟಿಲು ಅದೇ ಇತ್ತು. ರಕ್ತದ ವರದಿಯೂ ಬಂದಿತ್ತು. ಗೌಡರಿಗೆ ವೈರಸ್ ಇರಲಿಲ್ಲ. ಲಿವರ್ ಪೆಟ್ಟು ತಿನ್ನುತ್ತಿರುವ ಗುರುತುಗಳಿದ್ದವು. ಲಿವರಿನಲ್ಲಿ ಕೊಬ್ಬೂ ಇತ್ತು.

ಡಾಕ್ಟರ್ ಲಾನ್ ಕೇಳಿದರು, ಸುಬ್ಬಯ್ಯ ದಾಟಿಸಿದರು. ಕುಡಿತ? ಇಲ್ಲ. ಯಾವುದಾದರೂ ಮಾತ್ರೆ? ಇಲ್ಲ. ಸೊಪ್ಪು, ಬೇರು, ಪುಡಿ, ಕಷಾಯ?

“ಏನೂ ಇಲ್ಲ,” ಎಂದರು ಗೌಡರು.

ಮೈಬೂಸಾಬರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. “ಗೌಡ್ರ, ರವಿವಾರದ್ದು?”

“ಅದು ಮಂದಿಗೆ ಕೊಡೂದಲೇ.”

“ಮೊದಲ ನೀವು ನುಂಗ್ತೀರಲ್ರಿ.”

ರವಿವಾರದ್ದು ಎಂದರೆ ಏನೆಂದು ಸುಬ್ಬಯ್ಯನವರಿಗೆ ಅರ್ಥವಾಗಿರಲಿಲ್ಲ. ನನಗೆ ಆಗಿತ್ತು. ನನ್ನ ಲೇಖನದ ಮೇಲಿದ್ದ ಚಿತ್ರವೇ ಅದು: ಸೂರ್ಯ ಮೂಡುವಾಗ, ಕುಳಿತ ಜನರ ಮುಂದೆ, ಗೌಡರು ಮೊದಲ ಉಂಡೆಯನ್ನು ತಮ್ಮ ಬಾಯಿಗೆ ಇಟ್ಟುಕೊಳ್ಳುತ್ತಿರುವುದು. ಕೊಡುವವನು ತಾನು ನುಂಗಿ ತೋರಿಸದೆ ಯಾರಿಗೂ ಕೊಡಬಾರದು. ಅವರ ಮುತ್ತಜ್ಜನ ಕಾಲದ ಕಟ್ಟುಪಾಡು ಅದು. ಜನ ನಂಬುವುದೂ ಅದಕ್ಕೇ. ಗೌಡರ ತಂದೆ ತೀರಿದ ಮೇಲೆ ಮೂವತ್ತು ವರ್ಷ, ಹೆಚ್ಚುಕಡಿಮೆ ಪ್ರತಿ ರವಿವಾರ, ಗೌಡರೇ ನುಂಗಿದ್ದಾರೆ. ಮೈಬೂಸಾಬರಂಥವರನ್ನು ಬಿಟ್ಟರೆ ರೋಗಿ ತನ್ನ ಜನ್ಮದಲ್ಲಿ ಒಮ್ಮೆಯೋ ಎರಡು ಸಲವೋ ನುಂಗಿದರೆ, ಕೊಡುವವರು ವರ್ಷಕ್ಕೆ ಐವತ್ತು ಸಲ ನುಂಗುತ್ತಾರೆ. ಗೌಡರು ಡಾಕ್ಟರಿಗೆ ಸುಳ್ಳು ಹೇಳಿರಲಿಲ್ಲ. ಔಷಧ ಎನ್ನುವುದು ರೋಗಿಯ ಹೊಟ್ಟೆಗೆ ಹೋಗುವಂಥದು. ತಮ್ಮ ಹೊಟ್ಟೆಗೆ ಹೋದದ್ದನ್ನು ಅವರು ಎಂದೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಆ ಪುಟದ ಮೇಲೆ ಪೆನ್ನು ನಿಂತ ಜಾಗದಲ್ಲಿ ಶಾಯಿಯ ಚುಕ್ಕೆ ದೊಡ್ಡದಾಗಿದೆ. ಆಮೇಲೆ ಇದನ್ನೆಲ್ಲ ಸುಬ್ಬಯ್ಯನವರಿಗೆ ಬಿಡಿಸಿ ಹೇಳಿದೆ, ಅವರು ಡಾಕ್ಟರಿಗೆ ದಾಟಿಸಿದರು.

“ಅವರಪ್ಪ ಹೆಂಗ ತೀರಿದ್ರು ಕೇಳ್ರಿ,” ಎಂದು ಸುಬ್ಬಯ್ಯ ನನ್ನ ಕಡೆ ತಿರುಗಿ ಡಾಕ್ಟರ ಪ್ರಶ್ನೆ ದಾಟಿಸಿದರು. ಕಾಲುವೆ ಸೀಮೆಯ ಕನ್ನಡ ಅವರಿಗೂ ಅಷ್ಟಿಷ್ಟು ಬರುತ್ತಿತ್ತು.

“ಹೊಟ್ಟಿ ಉಬ್ಬಿ,” ಎಂದರು ಗೌಡರು. “ನೀರು ತುಂಬಿತ್ತು.”

ಡಾಕ್ಟರ್ ಲಾನ್ ಕಾಗದ ಎಳೆದುಕೊಂಡು ಚಿತ್ರ ಬರೆದು ವಿವರಿಸಿದರು. ಲಿವರ್ ಬಿಸಿಯಾಗಿ ಕೆಲಸ ಮಾಡುವ ಅಂಗ. ಕೆಲಸ ಮಾಡುವಾಗ ಕಿಡಿಗಳು ಹಾರುತ್ತವೆ. ವಿಷ, ಕೊಬ್ಬು, ಸೋಂಕು ಸೇರಿದರೆ ಕಿಡಿ ಹೆಚ್ಚು. ಕಿಡಿ ತಗುಲಿದಲ್ಲಿ ಗಾಯ, ಗಾಯವಾದಲ್ಲಿ ಕಲೆ.

“ಜಾಳಿಗಿ ಹರದಲ್ಲಿ ವೆಲ್ಡಿಂಗ್ ಹೊಡದಂಗ,” ಎಂದರು ಮೈಬೂಸಾಬರು. ಅಕ್ಕಿ ಸೋಸುವ ಜಾಳಿಗೆಯ ವಿಷಯ. “ಒಂದೆರಡು ತೂತು ಮುಚ್ಚಿದ್ರ ನಡೀತೈತಿ. ಎಲ್ಲಾ ಕಡೆ ಹೊಡದ್ರ ಅದು ಜಾಳಿಗಿ ಅಲ್ಲ, ತಗಡು.”

ಸುಬ್ಬಯ್ಯ ಇದನ್ನು ದಾಟಿಸಿದಾಗ ಡಾಕ್ಟರು ಪೆನ್ನು ಕೆಳಗಿಟ್ಟು ತಲೆಯಾಡಿಸಿದರು. ಇಷ್ಟು ಸರಿಯಾಗಿ ತಮಗೂ ಹೇಳಲು ಬಂದಿರಲಿಲ್ಲ ಎಂದರು.

ಕಿಡಿ ಆರಿಸುವ ವಸ್ತುಗಳನ್ನು ಮೈ ತಾನೇ ಮಾಡಿಕೊಳ್ಳುತ್ತದಂತೆ. ಗ್ಲುಟಾಥಯೋನ್ ಎಂಬುದು ಅವುಗಳಲ್ಲಿ ಮುಖ್ಯ, ಅದನ್ನು ಮಾಡುವುದರಲ್ಲಿ ಲಿವರೇ ಮುಂದು. ಅದು ತೀರುತ್ತ ಬಂದರೆ ಕಿಡಿಗೆ ತಡೆ ಇರುವುದಿಲ್ಲ. ಇನ್ನೊಂದನ್ನು ಹೇಳುವಾಗ ಅವರು ಮೈಬೂಸಾಬರ ಕಣ್ಣನ್ನು ತೋರಿಸಿದರು. ಹಳೆಯ ರಕ್ತಕಣ ಒಡೆದಾಗ ಹುಟ್ಟುವ ಹಳದಿ, ಬಿಲಿರುಬಿನ್. ಬಹಳ ಕಾಲ ಅದನ್ನು ಬರೀ ಕಸವೆಂದು ತಿಳಿದಿದ್ದರಂತೆ. ಅದೂ ಕಿಡಿ ಆರಿಸುತ್ತದೆ. ಹುಟ್ಟಿನಿಂದಲೇ ಅದು ತುಸು ಹೆಚ್ಚಿರುವವರ ಲಿವರಿನಲ್ಲಿ ಕೊಬ್ಬು, ಕಲೆ ಕಡಿಮೆ ಇರಬಹುದೆಂದು ಕೆಲವರು ಕಂಡಿದ್ದಾರಂತೆ.

ನಾನು ಬರೆದುಕೊಳ್ಳುತ್ತಿದ್ದುದನ್ನು ನೋಡಿ ಅವರು ಕೈ ಎತ್ತಿ ತಡೆದರು. ‘ಇರಬಹುದು’ ಎಂಬುದಕ್ಕೆ ಅಡಿಗೆರೆ ಹಾಕಿ ಎಂದರು. ಹಳದಿಯೇ ಕಾಯುತ್ತಿದೆಯೋ, ಕಾಯುವ ಬೇರೇನೋ ಒಂದರ ಜೊತೆ ಹಳದಿ ಇದೆಯೋ ತಿಳಿಯದು. ಲಿವರ್ ಪೂರ್ತಿ ಸೋತಾಗಲೂ ಕಣ್ಣು ಹಳದಿಯೇ ಆಗುತ್ತದೆ. ರಕ್ತದ ಯೂರಿಕ್ ಆಮ್ಲವೂ ಕಿಡಿ ಆರಿಸುತ್ತದೆ, ಆದರೆ ಅದು ಹೆಚ್ಚಿದವರಲ್ಲಿ ಕೊಬ್ಬಿನ ಲಿವರ್ ಕಾಣುವುದೇ ಹೆಚ್ಚು. ಹೆಚ್ಚಿದ್ದಷ್ಟೂ ಒಳ್ಳೆಯದೆಂಬ ನಿಯಮ ಇಲ್ಲಿಲ್ಲ. ಕಣ್ಣು ನೋಡಿ ಲಿವರ್ ಓದಬೇಡಿ, ರಕ್ತ ನೋಡಿ ಎಂದರು.

“ಆ ಹಳದಿದ ಗುಳಿಗಿ ಸಿಗತೈತೇನ್ರಿ?” ಎಂದು ಗೌಡರು ಕೇಳಿದರು. ತಮಾಷೆಯಾಗಿ ಕೇಳಲಿಲ್ಲ. ಸಿಗುವುದಿಲ್ಲ ಎಂದರು ಡಾಕ್ಟರು.

ಮೈಬೂಸಾಬರ ವರದಿಯಲ್ಲಿ ಹಳದಿಯೊಂದು ಬಿಟ್ಟು ಉಳಿದೆಲ್ಲ ಸರಿಯಿತ್ತು. ಬಹುಶಃ ಮನೆತನದಲ್ಲಿ ಬರುವ ಗುಣ, ಕಾಯಿಲೆಯಲ್ಲ. ಊರಿಗೆ ಹೋಗಿ ಖಚಿತಪಡಿಸಿಕೊಳ್ಳಿ ಎಂದರು. ಇಂಥವರು ಉಪವಾಸವಿದ್ದರೆ, ಊಟ ತಪ್ಪಿಸಿದರೆ ಹಳದಿ ಏರುತ್ತದೆ. ಉಂಡರೆ ಇಳಿಯುತ್ತದೆ.

ಮೈಬೂಸಾಬರು ಇದನ್ನು ಎರಡು ಸಲ ಹೇಳಿಸಿದರು. ಸುಗ್ಗಿಯಲ್ಲಿ ಗಿರಣಿ ಹಗಲಿರುಳು ಓಡುತ್ತದೆ, ಊಟ ತಪ್ಪುತ್ತದೆ, ಕಣ್ಣು ಹಳದಿಯಾಗುತ್ತದೆ. ಗೌಡರ ಉಂಡೆ, ಗಂಜಿಯ ಪಥ್ಯ, ಹಳದಿ ಇನ್ನೂ ಏರುತ್ತದೆ. ಪಥ್ಯ ಮುಗಿದು ಹೊಟ್ಟೆ ತುಂಬ ಉಂಡಾಗ ಇಳಿಯುತ್ತದೆ. ಕೀರ್ತಿ ಉಂಡೆಗೆ. ಇಪ್ಪತ್ತು ವರ್ಷ.

“ನಾನು ಉಪವಾಸ ಬಿದ್ದು ರೋಗ ಬೆಳಸೀನಿ,” ಎಂದರು ಮೈಬೂಸಾಬರು. “ಇಲ್ಲದ ರೋಗ.”

ಗೌಡರ ಲಿವರ್ ಕೆಟ್ಟದ್ದು ಉಂಡೆಯಿಂದಲೇ ಎಂದು ಬರೆಯಬಹುದೇ ಎಂದು ನಾನು ಕೇಳಿದೆ. ಡಾಕ್ಟರು ಬೇಡ ಎಂದರು. ಹೊಟ್ಟೆಯ ಕೊಬ್ಬೂ ಕಾರಣವಿರಬಹುದು, ಎರಡೂ ಇರಬಹುದು. ಉಂಡೆಯಲ್ಲಿ ಏನಿದೆ ಎಂದು ತಿಳಿಯದೆ ಏನೂ ಹೇಳಲಾಗದು. ಅದರಲ್ಲಿ ಏನಿದೆ ಎಂದು ಅವರು ಗೌಡರನ್ನೇ ಕೇಳಿದರು. ಗೌಡರು ತಲೆ ತಗ್ಗಿಸಿದರು. ಮನೆತನದ ಹೊರಗೆ ಹೆಸರು ಹೇಳಿದರೆ ಗುಣ ಹೋಗುತ್ತದೆಂಬ ಕಟ್ಟೂ ಇದೆ. ಹೇಳಲಿಲ್ಲ. ಡಾಕ್ಟರು ಒತ್ತಾಯಿಸಲಿಲ್ಲ. ಇಂದಿನಿಂದ ನುಂಗಬೇಡಿ, ಯಾರಿಗೂ ಕೊಡಬೇಡಿ, ಹೊಟ್ಟೆ ಇಳಿಸಿ, ಊರಿನಲ್ಲಿ ತಜ್ಞರನ್ನು ಕಾಣಿ. ಪೆಟ್ಟು ನಿಂತರೆ ಈ ಹಂತದ ಕಲೆ ಕಡಿಮೆಯಾಗುವುದೂ ಉಂಟು ಎಂದರು.

ಮಧ್ಯಾಹ್ನ ಹೋಟೆಲಿಗೆ ಬಂದಾಗ ಕಾರಟಗಿಯಿಂದ ಫೋನು ಬಂತು. ಮೈಬೂಸಾಬರ ಹೆಂಡತಿ ಹುಸೇನಬಿ. ಮಗಳು ರುಕ್ಸಾನಾಳ ಕಣ್ಣು ಹಳದಿಯಾಗಿದೆ. ಹತ್ತೊಂಬತ್ತರ ಹುಡುಗಿ. ಹುಲಿಹೈದರದಲ್ಲಿ ಅವಳ ಮದುವೆ ಗೊತ್ತಾಗಿದೆ. ಮದುವೆ ಹತ್ತಿರ ಬಂತು, ತೆಳ್ಳಗಾಗಬೇಕೆಂದು ಒಪ್ಪೊತ್ತು ಉಂಡು ಸೊರಗುತ್ತಿದ್ದಳು. ಗಂಡಿನ ಕಡೆಯವರು ಕಣ್ಣು ನೋಡಿದ್ದಾರೆ. ಅವರ ಕಾರಿನಲ್ಲೇ ಗೌಡರ ಹಳ್ಳಿಗೆ ಹೊರಟಿದ್ದಾರೆ. ನಾಳೆ ರವಿವಾರ.

ಮೈಬೂಸಾಬರು ಬೇಡವೆಂದರು. ರಕ್ತ ತಪಾಸಣೆ ಮಾಡಿಸು, ಊಟ ಕೊಡು ಎಂದರು. ಹುಸೇನಬಿಯ ದನಿ ನಮಗೂ ಕೇಳುತ್ತಿತ್ತು. “ಇಪ್ಪತ್ತು ವರ್ಸ ನೀವು ತಿಂದೀರಿ, ಬದುಕೀರಿ. ಈಗ ನನ್ನ ಮಗಳಿಗೆ ಬ್ಯಾಡ? ಬೀಗರ ಮುಂದ ಏನಂತ ಹೇಳ್ಲಿ? ನನ್ನ ಗಂಡ ಪರದೇಶಕ್ಕ ಹೋಗಿ ಡಾಕ್ಟರ್ ಆಗ್ಯಾನ ಅನ್ನಲೇನು? ಗೌಡ್ರು ತಮ್ಮ ಬಾಯಿಲೆ ಬ್ಯಾಡ ಅಂದ್ರ ಹೊಳ್ಳಿ ಬರ್ತೀನಿ. ಇಲ್ಲಂದ್ರ ಇಲ್ಲ.”

ಮೈಬೂಸಾಬರು ಫೋನನ್ನು ಗೌಡರ ಕಡೆ ಚಾಚಿದರು. ಗೌಡರು ಕಿಟಕಿಯ ಹೊರಗೆ ನೋಡುತ್ತಿದ್ದರು. ಫೋನು ತೆಗೆದುಕೊಳ್ಳಲಿಲ್ಲ.

“ಒಂದು ಹೊರದೇಶದ ಮಿಷಿನ್ ಮಾತಿಗೆ ನಾಕು ತಲಿಮಾರು ಬಿಡು ಅಂತಿಯೇನು?” ಎಂದರು, ಲೈನು ಕಟ್ಟಾದ ಮೇಲೆ.

“ಎರಡ ಸಲ ಹೇಳೇತ್ರಿ ಮಿಷಿನ್,” ಎಂದರು ಮೈಬೂಸಾಬರು.

“ಪೇಪರಿನವ್ರ, ನೀವ ಬರದಿದ್ರಿ ಛಲೋ ಔಷಧ ಅಂತ.”

“ಬರೆದಿದ್ದೆ,” ಎಂದೆ. “ವಿಚಾರಿಸದೆ ಬರೆದಿದ್ದೆ. ನಿಮ್ಮ ತಂದೆಯ ಬಗ್ಗೆಯೂ ಕೇಳಿರಲಿಲ್ಲ.”

ಗೌಡರು ಆ ಸಂಜೆ ರೊಟ್ಟಿಯ ಚೀಲ ಬಿಚ್ಚಲಿಲ್ಲ.

ರವಿವಾರ, ನದಿಯ ಸಂತೆ

ರವಿವಾರ ಬೆಳಿಗ್ಗೆ ತಂಡದ ಕಾರ್ಯಕ್ರಮ ತೇಲುವ ಸಂತೆ. ನದಿಯ ನಡುವೆ ದೋಣಿಗಳೇ ಅಂಗಡಿ. ಪ್ರತಿ ದೋಣಿಯ ಮೇಲೊಂದು ಉದ್ದ ಬಿದಿರಿನ ಗಳ, ಗಳದ ತುದಿಗೆ ತಾವು ಮಾರುವ ಸರಕು: ಒಂದಕ್ಕೆ ಅನಾನಸ್, ಒಂದಕ್ಕೆ ಗೆಣಸು, ಒಂದಕ್ಕೆ ಎಲೆಕೋಸು. ಕೂಗುವ ಅಗತ್ಯವಿಲ್ಲ. ಗಂಗಾವತಿಯ ಸಂತೆಯ ಗದ್ದಲ ಕೇಳಿದ ಕಿವಿಗೆ ಅಲ್ಲಿ ಎಂಜಿನ್ನಿನ ಸದ್ದು ಮಾತ್ರ.

ನಮ್ಮ ದೋಣಿಯಲ್ಲಿ ಗೌಡರು ಒಂದು ತುದಿಗೆ, ಮೈಬೂಸಾಬರು ಇನ್ನೊಂದು ತುದಿಗೆ ಕುಳಿತಿದ್ದರು. ಇಬ್ಬರೂ ಬೆಳಗಿನಿಂದ ಮಾತಾಡಿರಲಿಲ್ಲ. ಮೈಬೂಸಾಬರು ಹೆಂಡತಿಯ ಫೋನಿಗೆ ಮಾಡುತ್ತಲೇ ಇದ್ದರು. ಅದು ಸ್ವಿಚ್ ಆಫ್ ಆಗಿತ್ತು. ನಾನು ಗಡಿಯಾರ ನೋಡಿದೆ. ಕಾನ್ ತೋದಲ್ಲಿ ಏಳು ಗಂಟೆ. ಊರು ಒಂದೂವರೆ ಗಂಟೆ ಹಿಂದೆ: ಐದೂವರೆ. ಇನ್ನು ಅರ್ಧ ಗಂಟೆಗೆ ಅಲ್ಲಿ ಸೂರ್ಯ.

ನಾನು ವರದಿಗಾರ. ಘಟನೆಯ ನಡುವೆ ಕೈ ಹಾಕಬಾರದೆಂದು ಕಲಿತವನು. ಆದರೂ ಎದ್ದು ಗೌಡರ ಪಕ್ಕಕ್ಕೆ ಹೋಗಿ ಕುಳಿತೆ. “ಇವತ್ತು ನೀವು ಇಲ್ಲ. ಮೊದಲ ಉಂಡೆ ಯಾರು ನುಂಗ್ತಾರೆ?” ಎಂದು ಕೇಳಿದೆ. ತಿಳಿದುಕೊಳ್ಳಲೆಂದೇ ಕೇಳಿದ್ದು.

ಗೌಡರು ನನ್ನನ್ನು ನೋಡಿದರು. ಮೂರು ದಿನದಲ್ಲಿ ಅವರ ಮುಖ ಬಣ್ಣಗೆಟ್ಟದ್ದು ಆಗ ಮಾತ್ರ.

“ಅವ್ವ,” ಎಂದರು.

ಜೇಬಿನಿಂದ ಫೋನು ತೆಗೆದರು. ಮೊದಲ ಸಲ ಲೈನು ಸಿಗಲಿಲ್ಲ. ಎರಡನೆಯ ಸಲ ಅಣ್ಣನ ಮಗ ಎತ್ತಿ ಅಜ್ಜಿಗೆ ಕೊಟ್ಟ. ಎಂಜಿನ್ನಿನ ಸದ್ದಿಗೆ ಕೇಳುವುದಿಲ್ಲವೆಂದು ಗೌಡರು ಸ್ಪೀಕರ್ ಹಾಕಿದರು. ಊರೆಲ್ಲ ದೊಡ್ಡವ್ವ ಎನ್ನುವ ಎಪ್ಪತ್ತೆಂಟರ ಆ ತಾಯಿಯ ದನಿ ನದಿಯ ಮೇಲೆ ಸ್ಪಷ್ಟವಾಗಿ ಬಂತು.

“ಅಂದಾನಿ, ಉಂಡಿಯೇನಪಾ? ಅಲ್ಲಿ ಏನರ ಸಿಗತೈತಿಲ್ಲೋ?”

“ಅವ್ವಾ, ನುಂಗಿಯೇನು?”

“ಇನ್ನೂ ಬೆಳಕು ಬಿಟ್ಟಿಲ್ಲ. ಅರದು ಇಟ್ಟೀನಿ. ಭಾಳ ಮಂದಿ ಬಂದಾರ. ನಿಮ್ಮ ಮೈಬೂನ ಮಗಳೂ ಬಂದೈತಿ, ಪಾಪ, ನಿನ್ನಿಯಿಂದ ನೀರು ಸುದ್ದಾ ಕುಡದಿಲ್ಲ ಕೂಸು.”

“ಅವ್ವಾ, ನೀ ನುಂಗಬ್ಯಾಡ. ಯಾರಿಗೂ ಕೊಡಬ್ಯಾಡ.”

“ಯಾಕ? ಸೂತಕ ಬಂತೇನು? ಯಾರು ಹೋದ್ರು?”

“ಯಾರೂ ಹೋಗಿಲ್ಲ.” ಗೌಡರು ಫೋನನ್ನು ಬಾಯಿಗೆ ಹತ್ತಿರ ಹಿಡಿದರು. “ನನ್ನ ಲಿವರ್ ಕಲಿ ಬಿದ್ದೈತಿ. ಎರಡ ಸಲ ನೋಡ್ಯಾರ. ಅಪ್ಪಗ ಆದದ್ದ ನನಗ ಆಗಾಕ ಹತ್ತೈತಿ.”

ಆ ಕಡೆ ದೊಡ್ಡವ್ವನ ಹಿಂದೆ ಜನರ ಗುಜುಗುಜು, ಒಂದು ಮಗುವಿನ ಕೆಮ್ಮು. ಅನಾನಸ್ ದೋಣಿಯ ಹೆಂಗಸು ನಮ್ಮ ದೋಣಿಗೆ ಹಗ್ಗ ಎಸೆದು, ನಮ್ಮ ಮುಖಗಳನ್ನು ನೋಡಿ, ಹಗ್ಗ ಬಿಚ್ಚಿಕೊಂಡು ಹೋದಳು.

“ಇದರಿಂದ ಅಂತಾರೇನು?” ಎಂದಳು ದೊಡ್ಡವ್ವ.

“ಗೊತ್ತಿಲ್ಲ ಅಂತಾರ. ಇರಬಹುದು ಅಂತಾರ.”

“ಇರಬಹುದು ಅಂದಿದ್ದಕ್ಕ ಬಿಡೂದೇನು?”

“ಇರಬಹುದು ಅಂದಿದ್ದಕ್ಕ ನೀ ನುಂಗ್ತಿಯೇನವ್ವಾ?”

ಆಮೇಲೆ ಅವಳು ಜನರಿಗೆ ಹೇಳಿದ್ದು ಕೇಳಿಸಿತು. ಇವತ್ತು ಔಷಧ ಇಲ್ಲ, ಮಗ ಬೇಡ ಅಂದಾನ. ಗದ್ದಲವೆದ್ದಿತು. ಯಾರೋ ಮುದುಕ ಫೋನಿನ ಹತ್ತಿರ ಬಂದು ಕೂಗಿದ: “ಗೌಡ್ರ, ಕುಷ್ಟಗಿಯಿಂದ ಬಂದೀನ್ರಿ! ನೀವು ನುಂಗೂದು ಬ್ಯಾಡ, ದೊಡ್ಡವ್ವನೂ ಬ್ಯಾಡ, ನನಗ ನಂಬಿಕಿ ಐತಿ, ನನಗಷ್ಟ ಕೊಡಸ್ರಿ!”

“ಕೊಪ್ಪಳ ದವಾಖಾನಿಗೆ ಹೋಗ್ರಿ ಯಜಮಾನ್ರ. ರಕ್ತ ತೋರಸ್ರಿ.”

“ಅಲ್ಲಿ ಯಾರೂ ಮೊದಲ ನುಂಗಿ ತೋರಸೂದಿಲ್ಲಲ್ರಿ!”

ಗೌಡರು ಮೈಬೂನ ಹೆಂಡತಿಗೆ ಫೋನು ಕೊಡಲು ಹೇಳಿದರು.

ಹುಸೇನಬಿ ಫೋನಿಗೆ ಬಂದರು. ಗೌಡರು ನೇರವಾಗಿ ಹೇಳಿದರು, “ತಂಗಿ, ನಾ ಅಂದಾನಗೌಡ. ನನ್ನ ಬಾಯಿಲೆ ಹೇಳ್ತೀನಿ. ಬ್ಯಾಡ. ಬೀಗರಿಗೂ ನಾನ ಹೇಳ್ತೀನಿ, ಕೊಡು ಅವರಿಗೆ ಫೋನ್. ನಿನ್ನ ಗಂಡನ ಲಿವರ್ ನನ್ನಕಿಂತ ಛಲೋ ಐತಿ.”

ಮೈಬೂಸಾಬರು ದೋಣಿಯ ಆ ತುದಿಯಿಂದ ಎದ್ದು, ತೂಗಾಡುತ್ತ, ಹಲಗೆಗಳನ್ನು ಹಿಡಿದುಕೊಂಡು ಬಂದರು. “ರುಕ್ಸಾನಾ ಎಲ್ಲಿ? ಆಕಿಗೆ ಮೊದಲ ಊಟ ಕೊಡ್ರಿ. ಆಮ್ಯಾಲೆ ಕೊಪ್ಪಳಕ್ಕ ಕರಕೊಂಡು ಹೋಗಿ ರಕ್ತ ತೋರಸ್ರಿ.”

“ಅಬ್ಬಾ, ಉಪ್ಪು ಹಾಕಿದ್ದು ತಿನ್ನಲೇನು?” ಹುಡುಗಿಯ ದನಿ.

“ಹಾಕಿದ್ದು ತಿನ್ನು. ಎಣ್ಣಿದೂ ತಿನ್ನು.”

ದೊಡ್ಡವ್ವ ಮತ್ತೆ ಫೋನಿಗೆ ಬಂದಳು. ಜನ ಇನ್ನೂ ಏಳುತ್ತಿಲ್ಲ ಎಂದಳು. ಕೊಡದೆ ನಾನು ಒಳಗೆ ಹೋಗಲಾರೆ, ಕೊಡಲೂ ಆರೆ ಎಂದಳು. ಅವಳ ದನಿ ಈಗ ಸಣ್ಣದಾಗಿತ್ತು. ಆಮೇಲೆ ಕೇಳಿದಳು, “ಅಂದಾನಿ, ಒರಳು ತುಂಬ ಅರದು ಇಟ್ಟೀನಲ್ಲೋ. ಇದನ್ನ ಏನು ಮಾಡ್ಲಿ? ಹಿತ್ತಲಾಗ ಚೆಲ್ಲಲೇನು?”

ಗೌಡರು ನೀರಿನ ಕಡೆ ನೋಡಿದರು. ಮೂವತ್ತು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಅವರಿಗೆ ಕೇಳಿರಲಿಲ್ಲ.

“ಚೆಲ್ಲಬ್ಯಾಡವ್ವಾ,” ಎಂದರು. “ಕುಣಿ ತೋಡಿಸಿ ಹುಗಿ. ಆಳಕ್ಕ ಹುಗಿ. ದನ ಬಾಯಿ ಹಾಕಬಾರ್ದು.”